ಕಪಾಟಿನಲ್ಲೇ ಕೂತ ಏಳು ಪುಸ್ತಕ

ಓದುಗರ ಸ್ಪಂದನ

ಡೊಂಬಿವಲಿಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಹೀಗೆ ಕೇಳಿದ್ದರು:

"ಅತ್ತೆ ತೀರಿಕೊಂಡ ಮೇಲೆ ಮಾವನವರನ್ನು ನಿಪ್ಪಾಣಿಯಿಂದ ನಮ್ಮ ಮನೆಗೇ ಕರೆದುಕೊಂಡು ಬಂದೆವು. ಅವರು ರಿಟೈರ್ಡ್ ಕನ್ನಡ ಮಾಸ್ತರರು. ನನ್ನ ಮಗನಿಗೆ 9 ವರ್ಷ, ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅವನು ಬಾಯಿ ತೆರೆದರೆ ಸಾಕು, ಅಜ್ಜ ತಿದ್ದುತ್ತಾರೆ. ಈಗ ಹುಡುಗ ಅವರ ಜೊತೆ ಮಾತೇ ಬಿಟ್ಟಿದ್ದಾನೆ. ಅಜ್ಜ, ಅಜ್ಜಿ, ಮನೆ ಅಂತೆಲ್ಲ ಇರುವ ಏಳು ಕನ್ನಡ ಪುಸ್ತಕ ತಂದೆ. ಏಳೂ ಕಪಾಟಿನಲ್ಲೇ ಕೂತಿವೆ. ಯಾವ ಪುಸ್ತಕ ಕೊಟ್ಟರೆ ಇವರಿಬ್ಬರೂ ಹತ್ತಿರ ಬಂದಾರು?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ನಿನ್ನ ಪತ್ರ ಓದಿ ನಗು ಬಂತು, ತಪ್ಪು ತಿಳಿಯಬೇಡ ಮಗಳೇ. ನಮ್ಮ ಮನೆಯವರೂ ಕನ್ನಡ ಮಾಸ್ತರರೇ. ಕಿರಾಣಿ ಚೀಟಿಯಲ್ಲೂ ಒತ್ತಕ್ಷರ ತಿದ್ದುವವರು.

ಪುಸ್ತಕ ಕನ್ನಡದ್ದೇ ಆಗಬೇಕು ಅಂತ ಯಾಕೆ ಹಟ? ಮಹಾರಾಷ್ಟ್ರದಲ್ಲಿ ಯಾವ ಮೀಡಿಯಂ ಆದರೂ ಮಕ್ಕಳು ಮರಾಠಿ ಕಲಿಯಲೇಬೇಕು. ನಿನ್ನ ಮಗ ತಡವರಿಸಿಯಾದರೂ ಓದುತ್ತಾನೆ. ನಿಪ್ಪಾಣಿಯಲ್ಲಿ ಬಾಳಿದ ನಿನ್ನ ಮಾವನಿಗಂತೂ ಮರಾಠಿ ಹೊಸದಲ್ಲ. ಇಬ್ಬರಿಗೂ ಬರುವ ಭಾಷೆಯನ್ನು ಬಿಟ್ಟು ಒಬ್ಬನಿಗೆ ಬಾರದ ಲಿಪಿಯ ಏಳು ಪುಸ್ತಕ ತಂದಿದ್ದೀಯ.

ನಮ್ಮಲ್ಲಿ ಕೆಲಸ ಮಾಡಿದ್ದು 'ಶ್ಯಾಮಚಿ ಆಯಿ'. ಸಾನೆ ಗುರೂಜಿ ಅದನ್ನು 1933ರಲ್ಲಿ ನಾಸಿಕ್ ಜೈಲಿನಲ್ಲಿ ಕೂತು ಬರೆದರು. ಶ್ಯಾಮ ತನ್ನ ತಾಯಿಯ ಕಥೆಯನ್ನು ಗೆಳೆಯರಿಗೆ ದಿನಾ ರಾತ್ರಿ ಸ್ವಲ್ಪ ಸ್ವಲ್ಪ ಹೇಳುತ್ತಾನೆ. ಒಟ್ಟು 42 ರಾತ್ರಿ. ನಿಜ ಹೇಳಬೇಕೆಂದರೆ ಅದರಲ್ಲಿ ಅಳು ಸ್ವಲ್ಪ ಜಾಸ್ತಿ. ನಾವು ಬೇಸರ ಬಂದ ರಾತ್ರಿಗಳನ್ನು ಹಾರಿಸಿದೆವು. ಮೊಮ್ಮಗಳು ಓದುವುದು, ಇವರು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುವುದು. ನಡುನಡುವೆ ಇವರು ಒಂದು ಸಾಲು ಓದಿದರೆ ಆ ಹುಡುಗಿ ಬಿಡುತ್ತಿರಲಿಲ್ಲ. ಮರಾಠಿಯಲ್ಲಿ 'ಚ' ಎರಡು ಥರ ಇದೆ ನೋಡು, ಒಂದು ನಮ್ಮದರ ಹಾಗೆ, ಇನ್ನೊಂದು ಹಲ್ಲಿಗೆ ತಾಗಿಸಿ ಹೇಳುವಂಥದ್ದು. ಇವರದು ಯಾವಾಗಲೂ ಅದಲು ಬದಲು. "ಅಜ್ಜಾ, ತಪ್ಪು! ಮತ್ತೆ ಹೇಳು!" ನಲವತ್ತು ವರ್ಷ ಮಕ್ಕಳನ್ನು ತಿದ್ದಿದ ಮನುಷ್ಯ ಬಾಯಿ ಮುಚ್ಚಿಕೊಂಡು ಮತ್ತೆ ಹೇಳಿದರು.

ಈಜಲು ಹೆದರಿ ಅಟ್ಟದಲ್ಲಿ ಅಡಗಿದ ಶ್ಯಾಮನನ್ನು ತಾಯಿ ಬಾರಿಸಿ ಬಾವಿಗೆ ಅಟ್ಟುವ ರಾತ್ರಿ ಬಂತು. ಇವರು ಕಣ್ಣು ತೆರೆದರು. ಚಿಕ್ಕವರಿದ್ದಾಗ ಹಳ್ಳದಲ್ಲಿ ಮುಳುಗಿ ಎದ್ದದ್ದು, ಇವತ್ತಿಗೂ ನೀರು ಕಂಡರೆ ಎದೆ ಹೊಡೆದುಕೊಳ್ಳುವುದು, ಎಲ್ಲ ಹೇಳಿದರು. ಮದುವೆಯಾಗಿ 46 ವರ್ಷ, ನನಗೇ ಗೊತ್ತಿರಲಿಲ್ಲ! ಹೇಳಿದ್ದು ಕನ್ನಡದಲ್ಲಿ. ಅವಳು ಒಂದರ ಮೇಲೊಂದು ಪ್ರಶ್ನೆ ಹಾಕಿದ್ದೂ ಕನ್ನಡದಲ್ಲೇ. ಆ ರಾತ್ರಿ ಯಾರೂ ಯಾರನ್ನೂ ತಿದ್ದಲಿಲ್ಲ.

— ಒಬ್ಬ ಅಜ್ಜಿ, ಸದಾಶಿವ ಪೇಠ, ಪುಣೆ

*

ನನಗೆ 17. ಆಂಟಿ, ಪ್ಲೀಸ್, ಮೊಬೈಲ್ ಕಸಿದುಕೊಂಡು ಅದೇ ಕೈಗೆ ಪುಸ್ತಕ ಕೊಡಬೇಡಿ. ನನಗೆ ಹಾಗೆ ಸಿಕ್ಕಿದ ಪುಸ್ತಕಗಳನ್ನು ನೋಡಿದರೆ ಈಗಲೂ ಸಿಟ್ಟು ಬರುತ್ತದೆ. ಅಜ್ಜ ನಾನು ಒಟ್ಟಿಗೆ ಓದಿದ್ದು ಪೇಪರಿನ ಕ್ರಿಕೆಟ್ ಪುಟ ಒಂದೇ. ಸುಮ್ನೆ ಅದನ್ನೇ ಟ್ರೈ ಮಾಡಿ.

— ಕೋಥರೂಡ್, ಪುಣೆ

*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಾವ ಇದ್ದಾರೆ, ಮಗ ಇದ್ದಾನೆ, ನೀವಿದ್ದೀರಿ. ನಿಮ್ಮ ಯಜಮಾನರು ಎಲ್ಲಿ? ಪುಸ್ತಕ ತಂದವರು ನೀವು, ಪತ್ರ ಬರೆದವರೂ ನೀವು. ತಾಯಿಯನ್ನು ಕಳೆದುಕೊಂಡದ್ದು ಅವರಲ್ವಾ? 7.52ರ ಫಾಸ್ಟ್ ಲೋಕಲ್ ಹಿಡಿದು ಹೋಗಿ ರಾತ್ರಿ ಸುಸ್ತಾಗಿ ಬರುವ ಗಂಡಸರು ಇಂಥದ್ದನ್ನೆಲ್ಲ ಹೆಂಡತಿಗೆ ಬಿಟ್ಟುಬಿಡುತ್ತಾರೆ. ನನ್ನ ಅನುಭವದ ಮಾತು, ಬೇಜಾರಾದರೆ ಬಿಟ್ಟುಬಿಡಿ.

ಹುಡುಗನ ಪುಸ್ತಕ ಆಮೇಲೆ ನೋಡೋಣ. ಮೊದಲು ನೀವಿಬ್ಬರೂ ಓದಿ. ಯಜಮಾನರಿಗೆ ಕಾರಂತರ 'ಬೆಟ್ಟದ ಜೀವ' ಕೊಡಿ. ಕುಮಾರಪರ್ವತದ ತಪ್ಪಲಲ್ಲಿ ಗೋಪಾಲಯ್ಯ, ಶಂಕರಮ್ಮ ಅನ್ನುವ ಮುದಿ ಜೋಡಿ, ಮನೆ ಬಿಟ್ಟು ಹೋದ ಮಗ. ಆ ಮುದುಕ ತಾನು ಸೋತೆ ಅಂತ ಎಲ್ಲೂ ಹೇಳುವುದಿಲ್ಲ. ತೋಟ, ಊಟ, ನೆಂಟರು, ತಮಾಷೆ, ಅದರಲ್ಲೇ ಮುಚ್ಚಿಟ್ಟಿರುತ್ತಾನೆ. ನಿಮ್ಮ ಮಾವ ವ್ಯಾಕರಣದಲ್ಲಿ ಮುಚ್ಚಿಟ್ಟಿರಬಹುದು. ಭೈರಪ್ಪನವರ 'ಗೃಹಭಂಗ' ಮಾತ್ರ ಈಗ ಬೇಡ. ದೊಡ್ಡ ಕಾದಂಬರಿ, ಒಪ್ಪುತ್ತೇನೆ, ಆದರೆ ಸೂತಕ ಕಂಡ ಮನೆಗೆ ಅಷ್ಟೊಂದು ಸಾವು ಬೇಡ.

ನಿಮಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಚಿಕ್ಕ ಪುಸ್ತಕ. ಒಟ್ಟಿಗೆ ಬಾಳುವ ಮನೆಯೊಂದಕ್ಕೆ ದುಡ್ಡು ಬಂದ ಮೇಲೆ ಏನಾಗುತ್ತದೆ ಅನ್ನುವ ಕಥೆ. ಓದಿದ ಮೇಲೆ ನಮ್ಮ ಮನೆಯವರನ್ನೇ ಸ್ವಲ್ಪ ಅನುಮಾನದಿಂದ ನೋಡುವ ಹಾಗಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ! ನಾನು ಹೇಳಹೊರಟದ್ದು ಆ ಹೆಸರಿನ ಬಗ್ಗೆ. ಅದು ಯಾವ ನಿಘಂಟಿನಲ್ಲೂ ಇಲ್ಲ. ಸೊಸೆಯ ತವರಿನಲ್ಲಿ ಮಕ್ಕಳು ಕಟ್ಟಿದ ಪದ, ಬಿಡಿಸಲಾರದ ಗಂಟಿಗೆ ಹೇಳುವುದು. ಆ ಮನೆಯವರಿಗಷ್ಟೇ ಅರ್ಥ ಗೊತ್ತು. ನಿಮ್ಮ ಮಗನ ತಪ್ಪು ಕನ್ನಡದಲ್ಲೂ ಅಂಥ ಒಂದೆರಡು ಪದ ಇದ್ದೇ ಇರುತ್ತವೆ. ನನ್ನ ಮಗಳು ದೋಸೆ ಮಗುಚುವ ಸಟ್ಟುಗಕ್ಕೆ 'ಮಗುಚಮ್ಮ' ಅನ್ನುತ್ತಿದ್ದಳು. ಈಗ ಅವಳಿಗೆ ಮದುವೆಯಾಗಿದೆ, ನಮ್ಮ ಅಡುಗೆಮನೆಯಲ್ಲಿ ಅದು ಇನ್ನೂ ಮಗುಚಮ್ಮನೇ. ಅಂಥ ಒಂದು ಪದವನ್ನು ಮಾವ ತಿದ್ದುವ ಬದಲು ತಾವೇ ಬಳಸಲಿ. ಅದನ್ನು ಅವರಿಗೆ ಹೇಳಬೇಕಾದವರು ನೀವಲ್ಲ, ಅವರ ಮಗ.

— ಮುಲುಂಡ್‌ನ ಓದುಗಿ

*

ನಾವು ಗದಗದ ಕಡೆಯವರು. ಗೋವಾಕ್ಕೆ ಬಂದು 20 ವರ್ಷ ಆಯಿತು. ನನ್ನ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗ ಅಲ್ಲಿದ್ದವರೊಬ್ಬರು ನಕ್ಕರಂತೆ. ಮನೆಗೆ ಬಂದು, ಸಹಿ ಕಲಿಸು ಅಂತ ಹಟ ಹಿಡಿದಳು. ನನಗೆ ಪುರಸೊತ್ತಿಲ್ಲ. ಮಗಳಿಗೆ ಶಾಲೆಯಲ್ಲಿ ಕೊಂಕಣಿ, ಕನ್ನಡ ಅಕ್ಷರ ಬರುವುದಿಲ್ಲ. ಊರಿಗೆ ಹೋದಾಗ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಕಲಿಪಿ ತಂದೆ. ಒಂದೇ ಅಂಕಲಿಪಿ, ಇಬ್ಬರು ಕಲಿಯುವವರು. ದಿನಾ ಸಂಜೆ ಪೈಪೋಟಿ. ಹುಡುಗಿ 'ಳ'ದವರೆಗೆ ಮುಗಿಸಿದಾಗ ಅವ್ವ ಇನ್ನೂ 'ಠ'ದಲ್ಲಿ. ಕದ್ದು ನೋಡಿದ್ದಾಳೆ ಅಂತ ಮೊಮ್ಮಗಳ ಮೇಲೆ ಜಗಳ ತೆಗೆದಳು!

ಸುಧಾ ಮೂರ್ತಿಯವರು ತಮ್ಮ ಅಜ್ಜಿಗೆ ಓದು ಕಲಿಸಿದ ಕಥೆ ಬರೆದಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ವಾರಪತ್ರಿಕೆಯಲ್ಲಿ ತ್ರಿವೇಣಿಯವರ 'ಕಾಶೀಯಾತ್ರೆ' ಧಾರಾವಾಹಿ ಬರುತ್ತಿತ್ತು. ಓದಿ ಹೇಳುವ ಮೊಮ್ಮಗಳು ಮದುವೆಗೆ ಅಂತ ಊರಿಗೆ ಹೋದಾಗ, ಪತ್ರಿಕೆ ಕೈಯಲ್ಲೇ ಇದ್ದರೂ ಮುಂದಿನ ಭಾಗ ತಿಳಿಯದೆ ಆ ಅಜ್ಜಿ ಅಳುತ್ತಾಳೆ. ಅದನ್ನು ಮಗಳು ಜೋರಾಗಿ ಓದಿ ಹೇಳಿದಾಗ ನಮ್ಮ ಅವ್ವ, "ಆಕಿಗಿ ಬರೇ ಕತಿ ಚಿಂತಿ, ನನಗ ಬ್ಯಾಂಕಿನ ಚಿಂತಿ" ಅಂದಳು. ನಿಮ್ಮ ಮಾವನವರಿಗೆ ಬಾರದ ಯಾವುದಾದರೂ ಒಂದು ವಿಷಯ ಹುಡುಕಿ ಅಕ್ಕಾ. ಅದು ಹುಡುಗನಿಗೆ ಬರಬೇಕು.

— ವಾಸ್ಕೋ, ಗೋವಾ

*

ಎರಡೇ ಮಾತು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್‌ನಲ್ಲಿ ಎಷ್ಟೋ ಚಿತ್ರಕಥೆಗಳು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಸಿಗುತ್ತವೆ. ದುಡ್ಡು ಕೊಡಬೇಕಿಲ್ಲ. ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಪ್ರಿಂಟ್ ತೆಗೆದು ಇಬ್ಬರಿಗೂ ಒಂದೊಂದು ಕೊಡಿ. ಮಲಗುವ ಹೊತ್ತಿಗೆ ಕೇಳುವುದಕ್ಕೆ ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ' ಇದೆ, 12 ಸಂಪುಟ. ಹುಡುಗ ಓದಬೇಕಾಗಿಲ್ಲ, ಕೇಳಿದರೆ ಸಾಕು.

— ಮಕ್ಕಳಿಗೆ ಟ್ಯೂಷನ್ ಹೇಳುವವಳು, ವಾಶಿ

*

ನನಗೆ ಈಗ 79. ಕಾರ್ಕಳದ ಕಡೆಯಿಂದ 13ನೇ ವಯಸ್ಸಿಗೆ ಮುಂಬಯಿಗೆ ಬಂದು ಫೋರ್ಟ್‌ನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದವನು. ಹಗಲು ಕೆಲಸ, ರಾತ್ರಿ ಕನ್ನಡ ಶಾಲೆ. ನನ್ನ ಹಾಗೆ ಎಷ್ಟೋ ಹುಡುಗರು ಆ ರಾತ್ರಿಶಾಲೆಗಳಲ್ಲೇ ಮ್ಯಾಟ್ರಿಕ್ ಮುಗಿಸಿದರು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ನಮ್ಮ ಕಾಲಕ್ಕೆ ಊರು ಅಂದರೆ ಕಾಗದ ಅಷ್ಟೇ. ಅಕ್ಷರ ಸ್ವಲ್ಪ ದುಂಡಗೆ ಇದ್ದುದರಿಂದ ಬೇರೆ ಹುಡುಗರ ಕಾಗದವನ್ನೂ ನಾನೇ ಬರೆಯುತ್ತಿದ್ದೆ. ಕೈಗೆ ಬಿಸಿ ಎಣ್ಣೆ ಬಿದ್ದವನೂ "ನಾನು ಇಲ್ಲಿ ಕ್ಷೇಮ ಅಂತ ಬರಿ" ಅನ್ನುತ್ತಿದ್ದ. ನಾನು ಸಂಸಾರದ ಬಗ್ಗೆ ಓದಿದ ದೊಡ್ಡ ಪುಸ್ತಕ ಅಂದರೆ ಆ ಕಾಗದಗಳೇ.

ನಿಮ್ಮ ಮಾವನವರು ಮೊಮ್ಮಗನಿಗೆ ಒಂದು ಕಾಗದ ಬರೆಯಲಿ. ಒಂದೇ ಮನೆಯಲ್ಲಿ ಇದ್ದುಕೊಂಡು ಎಂಥ ಕಾಗದ ಅಂತ ನಗಬೇಡಿ. 50 ಪೈಸೆಯ ಕಾರ್ಡು ತಂದು, ವಿಳಾಸ ಬರೆದು, ನಿಜವಾಗಿ ಪೋಸ್ಟಿಗೆ ಹಾಕಲಿ. ತನ್ನ ಹೆಸರಿಗೆ ಬಂದ ಕಾರ್ಡನ್ನು ಯಾವ ಹುಡುಗನೂ ಕಪಾಟಿಗೆ ಹಾಕುವುದಿಲ್ಲ. ಓದಿಸಿಕೊಳ್ಳಲು ನಿಮ್ಮ ಹತ್ತಿರ ಬರುತ್ತಾನೆ. ಉತ್ತರವನ್ನು ಯಾವ ಲಿಪಿಯಲ್ಲಿ ಬೇಕಾದರೂ ಬರೆಯಲಿ. ಅದನ್ನು ಮಾಸ್ತರರ ಕೈಗೆ ಕೊಡುವ ಮೊದಲು ಅವರ ಜೇಬಿನಲ್ಲಿರುವ ಕೆಂಪು ಪೆನ್ನು ಮಾತ್ರ ತೆಗೆದಿಡಿ.

— ಹೋಟೆಲಿನ ಹಳೆಯ ಹುಡುಗ, ಮಾಟುಂಗ