ಆನೆಯ ಕೂಗಿನ ಜಾಡು: ಮೂರು ಜಿಪಿಎಸ್‌ಗಳ ಸಮಯ ಹೊಂದುತ್ತಿಲ್ಲ

ಪ್ರಶ್ನೆ (ಸಿದ್ದಾಪುರದ ಕಡೆಯಿಂದ)

ಹಲಸು ಹಣ್ಣಾದರೆ ನಮ್ಮ ಕಾಫಿ ತೋಟಕ್ಕೆ ಆನೆಗಳು ಬರುತ್ತವೆ. ಬೆಳಿಗ್ಗೆ ಕೆಲಸದವರನ್ನು ಯಾವ ಕಡೆಗೆ ಕಳಿಸಬಾರದು ಎಂದು ತಿಳಿಯಲು ಮೂರು ಮೂಲೆಗಳಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಮೈಕ್ ಇಡುತ್ತಿದ್ದೇನೆ. ಕೂಗು ಒಂದೊಂದು ಮೈಕಿಗೂ ತಲುಪಿದ ಸಮಯದಿಂದ ಜಾಗವನ್ನು ಲೆಕ್ಕ ಹಾಕಬೇಕು. ಸಮಯವನ್ನು ಅಗ್ಗದ ಜಿಪಿಎಸ್ ಮಾಡ್ಯೂಲ್‌ನಿಂದ ಸೀರಿಯಲ್ ತಂತಿಯಲ್ಲಿ, 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದಲ್ಲಿ ಓದುತ್ತೇನೆ. ಮೂರನ್ನೂ ಕಾಫಿ ಕಣದಲ್ಲಿ ಒಟ್ಟಿಗಿಟ್ಟು ಚಪ್ಪಾಳೆ ತಟ್ಟಿದರೂ 0.2ರಿಂದ 0.5 ಸೆಕೆಂಡ್ ವ್ಯತ್ಯಾಸ ಬರುತ್ತದೆ. ಒಂದು ಪೆಟ್ಟಿಗೆಯಂತೂ ಚಾಲೂ ಮಾಡಿದೊಡನೆ 3 ಸೆಕೆಂಡ್ ಮುಂದಿದ್ದು, ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋಗುತ್ತದೆ. ತೋಟದಲ್ಲಿ ಸಿಲ್ವರ್ ಓಕ್ ಮರಗಳ ಮರೆಯೂ ಇದೆ. ಏನು ಮಾಡಲಿ?

ಉತ್ತರ (ಮಡಿಕೇರಿಯಿಂದ)

ಮರಗಳನ್ನು ದೂರಬೇಡಿ ಸರ್. ನೀವು ಓದುತ್ತಿರುವುದು ಸಮಯದ ಸುದ್ದಿಯನ್ನು, ಸಮಯವನ್ನಲ್ಲ. 9600 ಬಾಡ್‌ನಲ್ಲಿ ಒಂದು ಅಕ್ಷರ ಬರಲು ಸುಮಾರು 1 ಮಿಲಿಸೆಕೆಂಡ್ ಬೇಕು. ಕಾಣುವ ಉಪಗ್ರಹಗಳು ಹೆಚ್ಚಾದಂತೆ ಮಾಡ್ಯೂಲ್ ಕಳಿಸುವ ಸಾಲುಗಳೂ ಹೆಚ್ಚುತ್ತವೆ, ಹಾಗಾಗಿ ತಡವೂ ಏರಿಳಿಯುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 0.3 ಸೆಕೆಂಡ್ ತಪ್ಪಿದರೆ ಆನೆ ನೂರು ಮೀಟರ್ ಆಚೆ ಕಾಣುತ್ತದೆ. ಕೆಲಸದವರ ಜೀವದ ಪ್ರಶ್ನೆಯಾದ್ದರಿಂದ ಇದನ್ನು ಹಾಗೇ ಬಿಡಲಾಗದು.

ನಿಮಗೆ ಬೇಕಾದದ್ದು ಪಿಪಿಎಸ್, ಅಂದರೆ ಪ್ರತಿ ಸೆಕೆಂಡಿನ ಆರಂಭಕ್ಕೆ ಏಳುವ ಮಿಡಿತ. ಅಗ್ಗದ ಮಾಡ್ಯೂಲ್‌ನಲ್ಲೂ ಅದರ ತಪ್ಪು ಮೈಕ್ರೊಸೆಕೆಂಡಿಗಿಂತ ಬಹಳ ಕಡಿಮೆ. ಹಲಗೆಯಲ್ಲಿ ಅದಕ್ಕೆ ಪಿನ್ ಕೊಟ್ಟಿಲ್ಲವೇ? ಸೆಕೆಂಡಿಗೊಮ್ಮೆ ಮಿನುಗುವ ಪುಟ್ಟ ಎಲ್‌ಇಡಿಗೆ ಸಾಮಾನ್ಯವಾಗಿ ಅದೇ ಮಿಡಿತ ಹೋಗುತ್ತದೆ. ಅದರ ಬುಡಕ್ಕೆ ಕೂದಲಿನಷ್ಟು ತೆಳುವಾದ ತಂತಿಯನ್ನು ಬೆಸೆದು ಪೈಯ ಜಿಪಿಐಒ ಪಿನ್ನಿಗೆ (ಹೊರಗಿನ ಸಂಕೇತ ಓದುವ ಪಿನ್) ಕೊಡಿ. ಪೈಯ ಗಡಿಯಾರವನ್ನು ಸರಿಹೊಂದಿಸುವ ಕ್ರೋನಿ ತಂತ್ರಾಂಶದಲ್ಲಿ ಸೀರಿಯಲ್ ಸಾಲು ಯಾವ ಸೆಕೆಂಡ್ ಎಂದಷ್ಟೇ ಹೇಳಲಿ, ಸೆಕೆಂಡಿನ ಅಂಚನ್ನು ಪಿಪಿಎಸ್ ಹೇಳಲಿ.

ಆ 3 ಸೆಕೆಂಡ್ ಲೀಪ್ ಸೆಕೆಂಡಿನದು, ಅಂದರೆ ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ (ಜಗತ್ತಿನ ಗಡಿಯಾರಗಳ ಮೂಲ ಕಾಲಕ್ಕೆ) ಆಗೊಮ್ಮೆ ಈಗೊಮ್ಮೆ ಸೇರಿಸಿದ ಸೆಕೆಂಡಿನದು. ಜಿಪಿಎಸ್ ಕಾಲಕ್ಕೆ ಅದನ್ನು ಸೇರಿಸುವುದಿಲ್ಲ. 2017ರ ಜನವರಿಯಿಂದ ಜಿಪಿಎಸ್ ಕಾಲ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಹಳೆಯ ಮಾಡ್ಯೂಲ್ ತನ್ನೊಳಗಿರುವ 15ನ್ನೇ ಕಳೆಯುತ್ತಿರಬೇಕು. ಹೊಸ ಅಂಕಿ ಉಪಗ್ರಹದಿಂದ ಬರಲು 12.5 ನಿಮಿಷದವರೆಗೆ ಬೇಕಾಗಬಹುದು, ಅಲ್ಲಿಯವರೆಗಿನ ಧ್ವನಿಮುದ್ರಣವನ್ನು ನಂಬಬೇಡಿ.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ

ತಂತಿ ಬೆಸೆದೆ. ಈಗ ಚಪ್ಪಾಳೆ ಆರಂಭದಲ್ಲಿ ಕರಾರುವಾಕ್ಕಾಗಿ ಹೊಂದುತ್ತದೆ. ಆದರೆ ಒಂದು ಗಂಟೆ ಬಿಟ್ಟು ತಟ್ಟಿದರೆ ಮತ್ತೆ 0.15 ಸೆಕೆಂಡ್ ಬೇರೆ!

ಉತ್ತರ (ಮಡಿಕೇರಿಯಿಂದ)

ಅದು ಯುಎಸ್‌ಬಿ ಸೌಂಡ್ ಕಾರ್ಡಿನ ಹರಳು, ಅಂದರೆ ಮೈಕಿನ ಧ್ವನಿಯನ್ನು ಮುದ್ರಿಸುವ ವೇಗವನ್ನು ನಿಗದಿ ಮಾಡುವ ಕ್ವಾರ್ಟ್ಜ್ ತುಣುಕು. ಅದು ಪೈಯ ಗಡಿಯಾರವನ್ನು ಕೇಳದೆ ತನ್ನ ಪಾಡಿಗೆ ಓಡುತ್ತದೆ. ಹತ್ತು ಲಕ್ಷಕ್ಕೆ 50 ಪಾಲು ತಪ್ಪಿದರೂ ಗಂಟೆಗೆ 0.18 ಸೆಕೆಂಡ್ ಆಗುತ್ತದೆ. ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ಕಾರ್ಡಿನಲ್ಲಿ ಸ್ಟೀರಿಯೊ ಇನ್‌ಪುಟ್ ಇದ್ದರೆ ಒಂದು ಚಾನೆಲ್‌ಗೆ ಮೈಕ್ ಕೊಡಿ, ಇನ್ನೊಂದಕ್ಕೆ ಎರಡು ರೆಸಿಸ್ಟರ್‌ಗಳಿಂದ ವೋಲ್ಟೇಜ್ ತಗ್ಗಿಸಿ ಪಿಪಿಎಸ್ ಮಿಡಿತವನ್ನೇ ಕೊಡಿ. ಕೂಗಿನ ಪಕ್ಕದಲ್ಲೇ ಪ್ರತಿ ಸೆಕೆಂಡಿನ ಗುರುತು ಬೀಳುತ್ತದೆ. ಹರಳು ಎಷ್ಟು ಸರಿದರೂ ಎರಡು ಗುರುತುಗಳ ನಡುವೆ ಅಳೆದರೆ ಸಾಕು.

ಪ್ರಶ್ನೆ ಕೇಳಿದವರು

ಹಾಗೇ ಮಾಡಿದೆ. ರಾತ್ರಿಯಿಡೀ ಮುದ್ರಿಸಿ ಬೆಳಿಗ್ಗೆ ತಟ್ಟಿದ ಚಪ್ಪಾಳೆಯೂ ಮೂರರಲ್ಲೂ 1 ಮಿಲಿಸೆಕೆಂಡಿನೊಳಗೆ ಹೊಂದಿದೆ. ಕೆರೆಯ ಬದಿಯ ಪೆಟ್ಟಿಗೆಯನ್ನು ಇಂದು ಸಂಜೆ ಮರಕ್ಕೆ ಕಟ್ಟುತ್ತೇನೆ.