ಅವ್ವನ ಎದೆಯ ಸ್ಕ್ಯಾನ್: ಇನ್ನೊಬ್ಬ ಡಾಕ್ಟರನ್ನು ಕೇಳಬಹುದಾ?

ಪ್ರಶ್ನೆ (ಸದಸ್ಯೆ, ಡೊಂಬಿವಲಿ):
ಡಾಕ್ಟ್ರೇ, ನಮಸ್ಕಾರ. ಅವ್ವನಿಗೆ 61 ವರ್ಷ. ಮನೆಯಲ್ಲಿ ಯಾರೂ ಬೀಡಿ ಸಿಗರೇಟು ಸೇದೋದಿಲ್ಲ. ನಾಲ್ಕು ತಿಂಗಳಿಂದ ಅವಳಿಗೆ ಒಣಕೆಮ್ಮು. ಸ್ಟೇಷನ್ ಸೇತುವೆ ಹತ್ತುವಾಗ ಅರ್ಧಕ್ಕೇ ಕಂಬಿ ಹಿಡಿದು ನಿಂತುಬಿಡುತ್ತಾಳೆ. ಜ್ವರ ಇಲ್ಲ, ತೂಕ ಇಳಿದಿಲ್ಲ. ಎಚ್‌ಆರ್‌ಸಿಟಿ (ಎದೆಯ ಸಿಟಿ ಸ್ಕ್ಯಾನ್) ರಿಪೋರ್ಟಿನಲ್ಲಿ ಎರಡೂ ಕಡೆ ‘ಗ್ರೌಂಡ್ ಗ್ಲಾಸ್’, ‘ಮೊಸಾಯಿಕ್’, ಸಣ್ಣ ಗಂಟುಗಳು ಅಂತಿದೆ. ಕಫದಲ್ಲಿ ಟಿಬಿ ಸಿಕ್ಕಿಲ್ಲ. ಆದರೂ ಆರು ತಿಂಗಳು ಟಿಬಿ ಮಾತ್ರೆ ಕೊಟ್ಟು ನೋಡೋಣ ಅಂತಾರೆ. ಇನ್ನೊಬ್ಬರನ್ನು ಕೇಳಿದರೆ ಇವರಿಗೆ ಬೇಜಾರಾಗುತ್ತಾ? ಮತ್ತೆ ಸ್ಕ್ಯಾನ್ ಮಾಡಿಸಬೇಕಾ?

ಉತ್ತರ (ಶ್ವಾಸಕೋಶ ತಜ್ಞ, ಮಾಟುಂಗಾ):
ಬೇಜಾರಾದರೂ ಕೇಳಿ. ಆರು ತಿಂಗಳ ಔಷಧಿ ಸಣ್ಣ ಮಾತಲ್ಲ.

ಸ್ಕ್ಯಾನ್ ಈಗಲೇ ಮತ್ತೆ ಬೇಡ. ಮಾಡಿದ ಜಾಗದಿಂದ ಅದರ ಸಿಡಿ ತಗೊಳ್ಳಿ. ರಿಪೋರ್ಟ್ ಹಾಳೆ ಅಂದರೆ ಒಬ್ಬರು ನೋಡಿ ಬರೆದದ್ದು, ಅಷ್ಟೇ. ಅದನ್ನೇ ಓದಿ ಎರಡನೇ ಅಭಿಪ್ರಾಯ ಕೊಟ್ಟರೆ ಮೊದಲನೆಯದನ್ನೇ ಮತ್ತೆ ಹೇಳಿದ ಹಾಗೆ. ಸಿಡಿಯಲ್ಲಿ ನೂರಾರು ಚಿತ್ರ ಇರುತ್ತವೆ. ಉಸಿರು ಬಿಟ್ಟು ತೆಗೆದ ಚಿತ್ರಗಳೂ ಇವೆಯಾ ಕೇಳಿ. ಗಾಳಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಅವುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಹಳೆಯ ಎಕ್ಸ್‌ರೇ ಇದ್ದರೆ ಅದೂ ಬೇಕು.

‘ಮೊಸಾಯಿಕ್’ ಅಂದರೆ ಶ್ವಾಸಕೋಶ ಕಪ್ಪು ಬಿಳುಪು ತೇಪೆ ತೇಪೆಯಾಗಿ ಕಾಣೋದು. ‘ಗ್ರೌಂಡ್ ಗ್ಲಾಸ್’ ಕೂಡ ಕಾಯಿಲೆಯ ಹೆಸರಲ್ಲ. ಮಬ್ಬು ಗಾಜಿನ ಹಾಗೆ ಕಾಣುವ ನೆರಳು. ಸೋಂಕಿನಿಂದ ಬರಬಹುದು, ಹೃದಯದ ತೊಂದರೆಯಿಂದ ನೀರು ತುಂಬಿ ಬರಬಹುದು, ಔಷಧಿಯಿಂದಲೂ ಬರಬಹುದು. ಹಾಗಾಗಿ ಕೇಳುತ್ತೇನೆ. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್, ಹೃದಯಕ್ಕೆ ಅಮಿಯೋಡರೋನ್, ಮೂತ್ರದ ಸೋಂಕಿಗೆ ನೈಟ್ರೋಫ್ಯುರಾಂಟಾಯಿನ್, ಇವು ಯಾವುದಾದರೂ ನಡೆದಿತ್ತಾ? ಮನೆಯಲ್ಲಿ ಬೂಷ್ಟು ಹಿಡಿದ ಗೋಡೆ ಇದೆಯಾ? ಪಾರಿವಾಳ?

ಸದಸ್ಯೆ:
ಮಾತ್ರೆ ಬರೀ ಬಿಪಿದು, ಅಮ್ಲೋಡಿಪಿನ್. ಪಾರಿವಾಳ ಇವೆ ಡಾಕ್ಟ್ರೇ. ಎಂಟು ವರ್ಷದಿಂದ ಅವ್ವ ದಿನಾ ಬೆಳಿಗ್ಗೆ ಕಿಟಕಿ ಗ್ರಿಲ್ ಮೇಲೆ ಒಂದು ಹಿಡಿ ಜೋಳ ಇಡುತ್ತಾಳೆ. ಎಸಿ ಡಬ್ಬದ ಹಿಂದೆ ಗೂಡೂ ಇದೆ. ಹಿಕ್ಕೆ ಒಣಗಿ ಬೆರಳು ದಪ್ಪ ಕಟ್ಟಿದೆ. ಅದನ್ನು ಕೆರೆದು ಗುಡಿಸುವವಳೂ ಅವಳೇ. ಹೋದ ತಿಂಗಳು ಮೂರು ವಾರ ಹುಬ್ಬಳ್ಳಿಗೆ ಹೋಗಿದ್ದಳು, ಕೆಮ್ಮು ಅರ್ಧಕ್ಕರ್ಧ ಕಡಿಮೆ ಆಗಿತ್ತು. ಇದನ್ನು ಇಲ್ಲಿವರೆಗೆ ಯಾರೂ ಕೇಳಿರಲಿಲ್ಲ.

ಇನ್ನೊಬ್ಬ ಸದಸ್ಯರು, ಪುಣೆ:
2025ರಲ್ಲಿ ದಾದರಿನ ಕಬೂತರ್‌ಖಾನಾಕ್ಕೆ (ಜನ ಪಾರಿವಾಳಕ್ಕೆ ಕಾಳು ಹಾಕುವ ಜಾಗ) ಪಾಲಿಕೆಯವರು ತಾಡಪಾಲು ಹೊದಿಸಿದ್ದು ಇದಕ್ಕೇನಾ?

ಉತ್ತರ:
ಹೌದು, ಆಗ ಹೈಕೋರ್ಟಿನ ಮುಂದೆ ಇದ್ದದ್ದೂ ಜನರ ಆರೋಗ್ಯದ ಮಾತೇ.

ಅಕ್ಕಾ, ಹುಬ್ಬಳ್ಳಿಯ ವಿಷಯ ನೀವು ಹೇಳಿದ್ದು ತುಂಬಾ ಒಳ್ಳೇದಾಯಿತು. ರೋಗ ಇದೇ ಅಂತ ಇಲ್ಲಿ ಕೂತು ಹೇಳಲಾರೆ. ಆದರೆ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಅಂತ ಒಂದಿದೆ. ಹಿಕ್ಕೆ, ಪುಕ್ಕದ ಧೂಳು ಒಳಗೆ ಹೋಗಿ ಹೋಗಿ ಶ್ವಾಸಕೋಶ ಅದಕ್ಕೆ ಸಿಡಿದೇಳುತ್ತದೆ. ಮೊಸಾಯಿಕ್, ಮಬ್ಬಾದ ಸಣ್ಣ ಗಂಟು, ಊರು ಬಿಟ್ಟರೆ ಆರಾಮ, ಮೂರೂ ಆ ಕಡೆಗೇ ಬೆರಳು ಮಾಡುತ್ತವೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟುತ್ತದೆ. ಕಟ್ಟಿದ ಕಲೆ ಹೋಗೋದಿಲ್ಲ. ಅದಕ್ಕೇ ಅವಸರ ಮಾಡುತ್ತಿದ್ದೇನೆ.

ಪರೇಲಿನ ಕೆಇಎಂನಂಥ ದೊಡ್ಡ ಆಸ್ಪತ್ರೆಯ ಎದೆರೋಗ ವಿಭಾಗಕ್ಕೆ ಇದೇ ವಾರ ಹೋಗಿ. ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ಎಷ್ಟು ಚೆನ್ನಾಗಿ ದಾಟುತ್ತದೆ ಅನ್ನೋ ಅಳತೆ) ಸಹಿತ ಉಸಿರಿನ ಪರೀಕ್ಷೆ, ಆರು ನಿಮಿಷದ ನಡಿಗೆ ಪರೀಕ್ಷೆ ಕೇಳಿ. ಕಫದಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಟಿಬಿ ಇಲ್ಲವೇ ಇಲ್ಲ ಅಂತಲ್ಲ. ಬ್ರಾಂಕೋಸ್ಕೋಪಿಯಲ್ಲಿ, ಅಂದರೆ ಶ್ವಾಸನಾಳಕ್ಕೆ ಕ್ಯಾಮೆರಾ ನಳಿಗೆ ಇಳಿಸಿ, ತೊಳೆದು ತೆಗೆದ ನೀರಿನಲ್ಲಿ ಸಿಬಿನಾಟ್ ಅನ್ನೋ ಟಿಬಿ ಪರೀಕ್ಷೆ ಮಾಡಬಹುದು, ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಜಾಸ್ತಿ ಇವೆಯಾ ಅಂತಲೂ ನೋಡಬಹುದು. ಅಲ್ಲಿವರೆಗೆ ಯಾರಾದರೂ ಸುಮ್ನೆ ಸ್ಟೆರಾಯ್ಡ್ ಬರೆದರೆ, ಯಾಕೆ ಅಂತ ಕೇಳಿ. ಟಿಬಿ ಇದ್ದರೆ ಅದು ಕೆರಳುತ್ತದೆ.

ಕೂತಲ್ಲೇ ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಬಂದರೆ, ಆಕ್ಸಿಮೀಟರ್ 90ಕ್ಕಿಂತ ಕೆಳಗೆ ತೋರಿಸಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ.

ಸದಸ್ಯೆ:
ಸಿಡಿ ನಾಳೆ ತರುತ್ತೇನೆ. ಅವ್ವ ಮಾತ್ರ ಒಪ್ಪುತ್ತಿಲ್ಲ. ‘ಬೆಳಿಗ್ಗೆ ಬಂದು ಕಾಯ್ತಾವು, ಉಪವಾಸ ಹೆಂಗ ಕಳಸಲಿ’ ಅಂತಾಳೆ.

ಉತ್ತರ:
ಅವರ ಮನಸ್ಸು ನನಗೆ ಅರ್ಥ ಆಗುತ್ತದೆ. ಪಾರಿವಾಳಕ್ಕೆ ಈ ಊರಲ್ಲಿ ಬೇರೆ ಕಿಟಕಿ ಸಿಗುತ್ತವೆ, ಅವ್ವನಿಗೆ ಬೇರೆ ಶ್ವಾಸಕೋಶ ಸಿಗೋದಿಲ್ಲ ಅಂತ ನನ್ನ ಹೆಸರಲ್ಲೇ ಹೇಳಿ. ಪರೀಕ್ಷೆ ಮುಗಿದ ಮೇಲೆ ಇನ್ನೊಮ್ಮೆ ಹುಬ್ಬಳ್ಳಿಗೆ ಕಳಿಸಿ. ಆಗ ಗ್ರಿಲ್ಲಿಗೆ ನೀರು ಹೊಡೆದು, ಹಿಕ್ಕೆ ನೆನೆದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡವರಿಂದ ತೆಗೆಸಿ, ಬಲೆ ಕಟ್ಟಿಸಿ. ಅಲ್ಲಿ ಕೆಮ್ಮು ಎಷ್ಟನೇ ದಿನ ಇಳಿಯಿತು ಅಂತ ದಿನಾ ಬರೆದಿಡಲು ಹೇಳಿ. ಆ ಚೀಟಿಯೂ ಫೈಲಿನಲ್ಲಿರಲಿ.