ರಾತ್ರಿ ನಿಲ್ಲಿಸಿದ ವ್ಯಾನಿನಲ್ಲಿ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕಟ್ಟಡಗಳ ಕಿಟಕಿ ಗಾಜು ತೊಳೆಯುವ ಕೆಲಸ ಮಾಡುತ್ತೇನೆ. ಶುದ್ಧೀಕರಿಸಿದ ನೀರನ್ನು ಉದ್ದನೆಯ ಕೋಲಿನ ತುದಿಯ ಬ್ರಷ್‌ಗೆ ಹಾಯಿಸಿ ತೊಳೆಯುವ ಪದ್ಧತಿ ನನ್ನದು. ಅದಕ್ಕಾಗಿ ವ್ಯಾನಿನ ಹಿಂಭಾಗದಲ್ಲಿ 400 ಲೀಟರಿನ ಟ್ಯಾಂಕ್, 12 ವೋಲ್ಟಿನ ಪಂಪ್, ಆರ್‌ಓ ಮತ್ತು ರೆಸಿನ್ (ನೀರಿನ ಲವಣ ಹೀರುವ ಸಣ್ಣ ಗುಂಡುಗಳ) ಫಿಲ್ಟರುಗಳು ಹಾಗೂ 100 ಮೀಟರ್ ಪೈಪಿನ ರೀಲ್ ಇವೆ. ವ್ಯಾನ್ ರಾತ್ರಿಯೆಲ್ಲ ಬಯಲಿನಲ್ಲೇ ನಿಲ್ಲುತ್ತದೆ.

ಕಳೆದ ವಾರ ಒಂದು ರಾತ್ರಿ ಉಷ್ಣಾಂಶ ಮೈನಸ್ 5 ಡಿಗ್ರಿಗೆ ಇಳಿಯಿತು. ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದಾಗ ನೀರಿನ ಮೇಲೆ ಹಪ್ಪಳದಷ್ಟು ತೆಳ್ಳಗಿನ ಮಂಜಿನ ಪದರವಿತ್ತು. ಬೆರಳಿನಿಂದ ಒತ್ತಿದೊಡನೆ ಒಡೆಯಿತು. ಇಷ್ಟೇ ತಾನೆ ಎಂದುಕೊಂಡು ಪಂಪಿನ ಸ್ವಿಚ್ ಹಾಕಿದೆ. ಪಂಪು ಒಮ್ಮೆ ಗುಂಯ್ ಎಂದು ನಿಂತುಹೋಯಿತು. ಬಿಸಿಲೇರಿದ ಮೇಲೆ ನೋಡಿದರೆ ಅದರ ಪ್ಲಾಸ್ಟಿಕ್ ತಲೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟು ನೀರು ಜಿನುಗುತ್ತಿತ್ತು. ಎರಡು ದಿನದ ಕೆಲಸ ನಿಂತಿತು, ಮಾತು ಕೊಟ್ಟಿದ್ದ ಗ್ರಾಹಕರಿಗೆ ಮುಖ ತೋರಿಸುವುದು ಕಷ್ಟವಾಯಿತು.

ಪ್ರತಿ ರಾತ್ರಿಯೂ ಟ್ಯಾಂಕನ್ನು ಖಾಲಿ ಮಾಡಬೇಕೇ ಅಥವಾ ಒಳಗೆ ಹೀಟರ್ ಇಟ್ಟರೆ ಸಾಕೇ? ವ್ಯಾನಿನ ಬ್ಯಾಟರಿಯಿಂದಲೇ ಹೀಟರ್ ನಡೆಸಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗ ಇದೆ. ಟ್ಯಾಂಕ್ ಉಳಿಯಿತು, ಪಂಪ್ ಒಡೆಯಿತು. ಇದು ಆಕಸ್ಮಿಕವಲ್ಲ. 10 ಡಿಗ್ರಿಯಲ್ಲಿರುವ 400 ಲೀಟರ್ ನೀರು ಸೊನ್ನೆಗೆ ಇಳಿಯಬೇಕಾದರೆ ಸುಮಾರು 4.6 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಕಳೆದುಕೊಳ್ಳಬೇಕು. ಸೊನ್ನೆಗೆ ಇಳಿದ ಆ ನೀರು ಪೂರ್ತಿ ಗಡ್ಡೆಯಾಗಬೇಕಾದರೆ ಇನ್ನೂ 37 ಯೂನಿಟ್‌ನಷ್ಟು ಶಾಖ ಹೊರಗೆ ಹೋಗಬೇಕು. ಅಷ್ಟು ಶಾಖ ಒಂದೇ ರಾತ್ರಿಯಲ್ಲಿ ಹೋಗುವುದು ಸುಲಭವಲ್ಲ. ಆದರೆ ಪಂಪಿನ ತಲೆಯೊಳಗೆ ನಿಂತಿರುವುದು ಒಂದು ಲೋಟಕ್ಕೂ ಕಡಿಮೆ ನೀರು, ಮತ್ತು ಅದರ ಸುತ್ತ ಎಲ್ಲ ಕಡೆಯೂ ತಣ್ಣನೆಯ ಗಾಳಿ. ಗಡ್ಡೆಯಾಗುವಾಗ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದ ಕಡೆ ಪ್ಲಾಸ್ಟಿಕ್ ಸೀಳುತ್ತದೆ.

ಆದ್ದರಿಂದ ತುಂಬಿದ ಟ್ಯಾಂಕನ್ನು ಹಾಗೆಯೇ ಬಿಡಿ. ಅದು ವ್ಯಾನಿನೊಳಗಿನ ಗಾಳಿ ಬೇಗ ತಣ್ಣಗಾಗದಂತೆ ತಡೆಯುತ್ತದೆ ಕೂಡ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕಿನ ಬುಡದ ವಾಲ್ವ್ ಮುಚ್ಚಿ, ಪಂಪಿಗೆ ಬರುವ ಪೈಪನ್ನು ಬಿಚ್ಚಿ, ಬ್ರಷ್ ತುದಿ ತೆರೆದಿಟ್ಟು ಪಂಪನ್ನು ಸ್ವಲ್ಪ ಹೊತ್ತು ಓಡಿಸಿ. ನಿಮ್ಮದರಂಥ ಡಯಾಫ್ರಂ ಪಂಪುಗಳಿಗೆ (ಒಳಗಿನ ಪೊರೆ ಹಿಂದೆಮುಂದೆ ಆಡಿ ನೀರು ತಳ್ಳುವಂಥವು) ಅಷ್ಟು ಹೊತ್ತು ನೀರಿಲ್ಲದೆ ಓಡುವುದರಿಂದ ತೊಂದರೆಯಾಗದು. ಬುಡುಬುಡು ಎಂದು ಗಾಳಿ ಬೆರೆತ ನೀರು ಉಗುಳುತ್ತ ಉಗುಳುತ್ತ ಸದ್ದು ಬದಲಾಗಿ ಒಣ ಟಕಟಕವಾದಾಗ ನಿಲ್ಲಿಸಿ. ಬಿಚ್ಚಿದ ಜೋಡಣೆಗಳನ್ನು ರಾತ್ರಿ ಹಾಗೆಯೇ ತೆರೆದಿಡಿ. ಉಳಿದ ಹನಿಗಳಿಗೆ ಹಿಗ್ಗಲು ಜಾಗ ಸಿಗಲಿ.

ರೀಲಿನ ಪೈಪನ್ನು ಮರೆಯಬೇಡಿ. ಒಳವ್ಯಾಸ 6 ಮಿಲಿಮೀಟರ್ ಇರುವ 100 ಮೀಟರ್ ಪೈಪಿನಲ್ಲಿ ಹತ್ತಿರ ಹತ್ತಿರ 2.8 ಲೀಟರ್ ನೀರು ನಿಂತಿರುತ್ತದೆ. ಪೈಪ್ ಬಳುಕುವುದರಿಂದ ಸಾಮಾನ್ಯವಾಗಿ ಒಡೆಯುವುದಿಲ್ಲ, ಆದರೆ ಒಳಗೆ ಕಟ್ಟಿದ ಗಡ್ಡೆ ಕರಗುವ ತನಕ ನಿಮ್ಮ ಬೆಳಗಿನ ಹೊತ್ತು ವ್ಯರ್ಥ. ಸಣ್ಣ ಕಂಪ್ರೆಸರ್ ಇದ್ದರೆ ಕಡಿಮೆ ಒತ್ತಡದಲ್ಲಿ ಗಾಳಿ ಊದಿ ಖಾಲಿ ಮಾಡಬಹುದು. ನಾನಂತೂ ರೀಲನ್ನು ಬಿಚ್ಚಿ ಮನೆಯೊಳಗೆ ಒಯ್ಯುತ್ತೇನೆ.

ಉತ್ತರ 2

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಫಿಲ್ಟರುಗಳಿಗೆ ಈ ಖಾಲಿ ಮಾಡುವ ಉಪಾಯ ಒಗ್ಗುವುದಿಲ್ಲ ಎಂಬುದನ್ನು ಸೇರಿಸಲೇಬೇಕು. ಆರ್‌ಓ ಮೆಂಬ್ರೇನ್, ಅಂದರೆ ನೀರು ಸೋಸುವ ತೆಳು ಪೊರೆ, ಹೆಪ್ಪುಗಟ್ಟಿದರೆ ಹಾಳಾಗುತ್ತದೆ. ಒಮ್ಮೆ ಬಳಸಿದ್ದನ್ನು ಒಣಗಲು ಬಿಟ್ಟರೂ ಮೊದಲಿನಂತೆ ಕೆಲಸ ಮಾಡುವುದಿಲ್ಲ. ಒದ್ದೆಯಾಗಿಯೂ ಇರಬೇಕು, ಗಡ್ಡೆಯೂ ಆಗಬಾರದು ಎಂದರೆ ಅದು ಬೆಚ್ಚಗಿನ ಜಾಗದಲ್ಲೇ ಇರಬೇಕು. ರೆಸಿನ್ನಿನ ಸಣ್ಣ ಗುಂಡುಗಳೂ ಹೆಪ್ಪುಗಟ್ಟಿ ಕರಗುವುದರಿಂದ ಬಿರುಕು ಬಿಡಬಹುದು. ಇವೆರಡನ್ನೂ ಬೇಗ ಬಿಚ್ಚಿ ಒಯ್ಯುವಂತೆ ಜೋಡಿಸಿಕೊಳ್ಳುವುದು ಉತ್ತಮ.

ಅದು ಸಾಧ್ಯವಾಗದಿದ್ದರೆ ಪಂಪ್ ಮತ್ತು ಫಿಲ್ಟರುಗಳನ್ನು ಒಂದೇ ಮೂಲೆಗೆ ತಂದು, ಸುತ್ತಲೂ 5 ಸೆಂಟಿಮೀಟರ್ ದಪ್ಪದ ಫೋಮ್ ಹಲಗೆಯ ಪೆಟ್ಟಿಗೆ ಮಾಡಿ. ಇಡೀ ವ್ಯಾನನ್ನು ಬಿಸಿ ಮಾಡುವುದಕ್ಕಿಂತ ಈ ಪೆಟ್ಟಿಗೆಯನ್ನು ಬೆಚ್ಚಗಿಡುವುದು ಎಷ್ಟೋ ಸುಲಭ. ಆದರೆ ಫೋಮ್ ತಾನಾಗಿ ಶಾಖ ಹುಟ್ಟಿಸುವುದಿಲ್ಲ, ಇರುವ ಶಾಖ ಹೋಗುವುದನ್ನು ನಿಧಾನ ಮಾಡುತ್ತದೆ, ಅಷ್ಟೆ. ಕೆಲಸವಿಲ್ಲದೆ ಎರಡು ಮೂರು ದಿನ ವ್ಯಾನ್ ನಿಂತರೆ ಪೆಟ್ಟಿಗೆಯೊಳಗೂ ಹೊರಗಿನ ಚಳಿಯೇ ಬರುತ್ತದೆ. ಅಂಥ ದಿನಗಳಿಗಾಗಿ ಒಳಗೆ 60 ರಿಂದ 100 ವ್ಯಾಟಿನ ಕೊಳವೆಯಾಕಾರದ ಹೀಟರನ್ನು, 5 ಡಿಗ್ರಿಗೆ ತಾನೇ ಹೊತ್ತಿಕೊಳ್ಳುವ ಥರ್ಮೋಸ್ಟಾಟಿನೊಂದಿಗೆ ಇಡಿ. ಇಡೀ ರಾತ್ರಿ, ಅಂದರೆ 12 ಗಂಟೆ ಉರಿದರೂ 100 ವ್ಯಾಟಿನ ಹೀಟರಿಗೆ 1.2 ಯೂನಿಟ್ ಸಾಕು. ಹೀಟರಿನ ಮೈಗೆ ಫೋಮ್, ಬಟ್ಟೆ, ಪೈಪು ಯಾವುದೂ ತಾಗದಂತೆ ಗಟ್ಟಿಯಾಗಿ ಕಚ್ಚಿಸಿರಿ. ಮನೆಯಿಂದ ಎಳೆಯುವ ತಂತಿ ಬಯಲಿನ ಬಳಕೆಗೆ ತಕ್ಕದ್ದಾಗಿರಲಿ, ಸೋರಿಕೆಯಾದರೆ ವಿದ್ಯುತ್ ಕಡಿಯುವ ಆರ್‌ಸಿಡಿ ಸ್ವಿಚ್ ಖಂಡಿತ ಇರಲಿ. ನೀರೂ ವಿದ್ಯುತ್ತೂ ಒಂದೇ ಪೆಟ್ಟಿಗೆಯಲ್ಲಿರುವಾಗ ಇದರಲ್ಲಿ ರಾಜಿ ಬೇಡ.

ಗ್ಯಾಸ್ ಒಲೆ, ಸೀಮೆಎಣ್ಣೆ ಒಲೆಗಳನ್ನು ಮಾತ್ರ ವ್ಯಾನಿನೊಳಗೆ ಹಚ್ಚಿಡಬೇಡಿ. ಬೆಂಕಿಯ ಅಪಾಯ ಒಂದು ಕಡೆಯಾದರೆ, ಬೆಳಿಗ್ಗೆ ಬಾಗಿಲು ತೆರೆದು ಒಳಗೆ ತಲೆ ಹಾಕುವವರಿಗೆ ಕಾರ್ಬನ್ ಮಾನಾಕ್ಸೈಡ್ ಇರುವ ಸುಳಿವೂ ಸಿಗುವುದಿಲ್ಲ, ಏಕೆಂದರೆ ಅದಕ್ಕೆ ವಾಸನೆಯಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಪಂಪನ್ನು ಹೇಳಿದಂತೆಯೇ ಖಾಲಿ ಮಾಡಿದೆ. ಆ ಟಕಟಕ ಸದ್ದು ಸರಿಯಾಗಿ ಗೊತ್ತಾಯಿತು. ಒಂದು ಸಂದೇಹ ಉಳಿದಿದೆ. ನಾನು ಬೇರೆ ಊರಿನ ಕೆಲಸಕ್ಕೆ ಹೋದಾಗ ವಿದ್ಯುತ್ ಸಿಗದ ಕಡೆ ವ್ಯಾನ್ ನಿಲ್ಲಿಸಬೇಕಾಗುತ್ತದೆ. ಆಗ 100 ಆಂಪಿಯರ್-ಅವರಿನ ಬ್ಯಾಟರಿ ಸಾಕಾಗುವುದಿಲ್ಲವೇ? ನೀರಿಗೆ ಆ್ಯಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬೆರೆಸಬಹುದೇ?

ಉತ್ತರ 3

ಆ್ಯಂಟಿಫ್ರೀಜ್ ಬೇಡವೇ ಬೇಡ. ಒರೆಸದೆ ಬಿಟ್ಟರೂ ಗಾಜಿನ ಮೇಲೆ ಕಲೆ ಉಳಿಯಬಾರದೆಂದೇ ನಾವು ನೀರನ್ನು ಶುದ್ಧೀಕರಿಸುವುದು. ಅದಕ್ಕೆ ಬೇರೆ ದ್ರವ ಬೆರೆತರೆ ಗಾಜಿನ ಮೇಲೆ ಗೆರೆ ಮೂಡುತ್ತದೆ.

ಬ್ಯಾಟರಿಯ ಲೆಕ್ಕ ಹೀಗಿದೆ: 100 ವ್ಯಾಟಿನ ಹೀಟರ್ 12 ವೋಲ್ಟಿನಲ್ಲಿ ಗಂಟೆಗೆ 8 ಆಂಪಿಯರ್-ಅವರಿಗಿಂತ ಹೆಚ್ಚು ಎಳೆಯುತ್ತದೆ. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆದ್ದರಿಂದ ನಿಮಗೆ ಸಿಗುವುದು ಸುಮಾರು 6 ಗಂಟೆ. ಚಳಿಯಲ್ಲಿ ಅದರ ಸಾಮರ್ಥ್ಯ ತಗ್ಗುವುದರಿಂದ ಅಷ್ಟೂ ಸಿಗದು. ಚಳಿ ತೀರ ಹೆಚ್ಚುವ ಬೆಳಗಿನ ಜಾವಕ್ಕೇ ಹೀಟರ್ ಆರುತ್ತದೆ, ಪಂಪು ಓಡಿಸಲೂ ಬ್ಯಾಟರಿಯಲ್ಲಿ ಶಕ್ತಿ ಉಳಿಯುವುದಿಲ್ಲ. ಮೇಲಾಗಿ ಪೂರ್ತಿ ಇಳಿದ ಬ್ಯಾಟರಿಯೊಳಗಿನ ದ್ರವವೂ ಹೆಪ್ಪುಗಟ್ಟಬಹುದು.

ವಿದ್ಯುತ್ ಇಲ್ಲದ ಕಡೆ ಫಿಲ್ಟರುಗಳನ್ನು ಬಿಚ್ಚಿ ನೀವು ಮಲಗುವ ಕೋಣೆಗೇ ಒಯ್ಯಿರಿ. ಇನ್ನೊಂದು ಮಾತು: ಮೋಡವಿಲ್ಲದ ರಾತ್ರಿ ತೆರೆದ ಆಕಾಶದ ಕೆಳಗೆ ನಿಂತ ವ್ಯಾನಿನ ತಗಡಿನ ಮಾಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮರದ ಕೆಳಗೋ ಸೂರಿನ ಕೆಳಗೋ ನಿಲ್ಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಒಂದನ್ನು ಪಂಪಿನ ಪಕ್ಕದಲ್ಲೇ ಕಟ್ಟಿ, ಬೆಳಿಗ್ಗೆ ಸ್ವಿಚ್ ಹಾಕುವ ಮೊದಲು ಅದನ್ನು ನೋಡಿ. ಸೊನ್ನೆಗಿಂತ ಕೆಳಗೆ ಹೋಗಿದ್ದರೆ ಪಂಪಿನ ತಲೆಯ ಮೇಲೆ ಮೊದಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕಿ, ಸ್ವಲ್ಪ ಕಾದು ಆಮೇಲೆ ಓಡಿಸಿ.